ಏಳಕ್ಕೇ ಸ್ಟಾರ್, ಇಪ್ಪತ್ತೊಂದಕ್ಕೆ ಮುಂದೇನು?

ಚಾರ್ಲಿ ಚಾಪ್ಲಿನ್‌ನ ‘ದಿ ಕಿಡ್’ ಸಿನಿಮಾವನ್ನು ಪೂರ್ತಿ ನೋಡದವರೂ ಅದರ ಒಂದು ಫೋಟೊವನ್ನಂತೂ ನೋಡಿರುತ್ತಾರೆ. ಬಾಗಿಲ ಬಳಿ ಚಾಪ್ಲಿನ್, ಅವನಿಗೆ ಅಂಟಿಕೊಂಡಂತೆ ದೊಗಲೆ ಪ್ಯಾಂಟಿನ, ದೊಡ್ಡ ಟೋಪಿಯ ಪುಟ್ಟ ಹುಡುಗ. 1921ರಲ್ಲಿ ಬಂದ ಸಿನಿಮಾ. ಮಾತಿಲ್ಲ, ಬಣ್ಣವಿಲ್ಲ. ಹುಡುಗ ಬೀದಿಯ ಮನೆಗಳ ಕಿಟಕಿಗೆ ಕಲ್ಲು ಹೊಡೆದು ಓಡುತ್ತಾನೆ. ಸ್ವಲ್ಪ ಹೊತ್ತಿಗೆ ಚಾಪ್ಲಿನ್ ಬೆನ್ನಿಗೆ ಗಾಜು ಕಟ್ಟಿಕೊಂಡು ಏನೂ ಗೊತ್ತಿಲ್ಲದವನ ಹಾಗೆ ಅದೇ ಬೀದಿಗೆ ರಿಪೇರಿಗೆ ಬರುತ್ತಾನೆ. ನೂರು ವರ್ಷ ದಾಟಿದ ಈ ತಮಾಷೆಗೆ ಈಗಲೂ ನಗು ಬರುತ್ತದೆ.

ಆ ಹುಡುಗನ ಹೆಸರು ಜಾಕಿ ಕೂಗನ್. ಸಿನಿಮಾ ಮುಗಿದ ಮೇಲೆ ಅವನು ಏನಾದ ಎಂದು ಹುಡುಕಲು ಹೊರಟವನಿಗೆ ಸಿಕ್ಕಿದ್ದು ಒಬ್ಬನ ಕತೆಯಲ್ಲ, ಹತ್ತಾರು ಮಕ್ಕಳದ್ದು. ಎಲ್ಲರೂ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಕೆಲಸ ಮಾಡಿದವರು. ಆದರೆ ಒಬ್ಬಳು ರಾಯಭಾರಿಯಾದಳು, ಒಬ್ಬ ಗುಂಡೇಟಿಗೆ ಸತ್ತ, ಒಬ್ಬ ಲ್ಯಾಬ್ ಟೆಕ್ನಿಷಿಯನ್ ಆದ, ಒಬ್ಬಳು ಹಳ್ಳಿ ಸೇರಿ ಬಾಗಿಲು ಹಾಕಿಕೊಂಡಳು. ಇನ್‌ಪುಟ್ ಒಂದೇ ಆದರೂ ಔಟ್‌ಪುಟ್ ಇಷ್ಟು ಬೇರೆ ಬೇರೆ ಯಾಕೆ? ಇಂಜಿನಿಯರಿಂಗ್ ಓದುವವರಿಗೆ ಇಂಥ ಪ್ರಶ್ನೆ ಬಂದರೆ ಸುಲಭಕ್ಕೆ ಬಿಡುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನನಗೀಗ ಇಪ್ಪತ್ತು. ಆ ಮಕ್ಕಳ ಪಾಲಿಗೆ ಇಪ್ಪತ್ತೊಂದು ದೊಡ್ಡ ವಯಸ್ಸು. ಅಂದು ಅಮೆರಿಕದ ಕಾನೂನಿನಲ್ಲಿ ಇಪ್ಪತ್ತೊಂದು ತುಂಬಿದವರೇ ವಯಸ್ಕರು. ಬಹಳ ಜನಕ್ಕೆ ತಮ್ಮ ದುಡಿಮೆಯ ಲೆಕ್ಕ ಮೊದಲ ಸಲ ಕಣ್ಣಿಗೆ ಬಿದ್ದದ್ದೂ ಆ ಹೊತ್ತಿಗೇ.

ವಾರಕ್ಕೆ ಆರೂಕಾಲು ಡಾಲರ್

ಜಾಕಿ ಹುಟ್ಟಿದ್ದು 1914ರಲ್ಲಿ. ಅಪ್ಪ ಅಮ್ಮ ಇಬ್ಬರೂ ರಂಗದ ಮೇಲೆ ಹಾಡು, ಕುಣಿತ, ನಗೆಚಾಟಿಕೆಯ ‘ವಾಡವಿಲ್’ ಪ್ರದರ್ಶನ ಕೊಡುವವರು. ಲಾಸ್ ಏಂಜಲೀಸ್‌ನ ಅಂಥದೊಂದು ಪ್ರದರ್ಶನದಲ್ಲಿ ಚಾಪ್ಲಿನ್ ಈ ಹುಡುಗನನ್ನು ನೋಡಿದ. ಏನು ಮಾಡಿ ತೋರಿಸಿದರೂ ಹಾಗೆಯೇ ಮಾಡಿಬಿಡುವ ಹುಡುಗ. ‘ದಿ ಕಿಡ್’ನಲ್ಲಿ ಅನಾಥಾಲಯದವರು ಅವನನ್ನು ಎಳೆದೊಯ್ಯುವಾಗ ಅವನು ಅಳುವ ದೃಶ್ಯವಿದೆ. ಚಾಪ್ಲಿನ್ ತನ್ನ ಆತ್ಮಕತೆಯಲ್ಲಿ ಅದರ ಗುಟ್ಟು ಹೇಳಿದ್ದಾನೆ. ಅಂದು ಹುಡುಗ ಉಲ್ಲಾಸದಲ್ಲಿದ್ದ, ಅಳು ಬರುತ್ತಿರಲಿಲ್ಲ. ಆಗ ಅವನ ಅಪ್ಪ, ಅಳದಿದ್ದರೆ ನಿಜವಾಗಿಯೂ ಅನಾಥರ ಕಾರ್ಯಾಗಾರಕ್ಕೆ ಕಳಿಸಿಬಿಡುತ್ತೇನೆ ಎಂದು ಹೆದರಿಸಿದ. ನಾವು ಪರದೆಯ ಮೇಲೆ ನೋಡಿ ಕಣ್ಣೊರೆಸಿಕೊಳ್ಳುವ ಆ ಅಳು ಹಾಗೆ ಬಂದದ್ದು.

ಮುಂದಿನ ಆರೇಳು ವರ್ಷ ಜಾಕಿ ಜಗತ್ತಿನ ಅತಿ ಪ್ರಸಿದ್ಧ ಮಗು. ಅವನ ಹೆಸರಿನಲ್ಲಿ ಗೊಂಬೆ, ಅವನ ಚಿತ್ರವಿದ್ದ ಪೀನಟ್ ಬಟರ್ ಡಬ್ಬ. ಮೆಟ್ರೋ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೇ 5 ಲಕ್ಷ ಡಾಲರ್ ಕೊಟ್ಟಿತು. 1924ರಲ್ಲಿ ಅರ್ಮೇನಿಯ ಮತ್ತು ಗ್ರೀಸಿನ ಅನಾಥ ಮಕ್ಕಳಿಗಾಗಿ ಅವನು ಊರೂರು ಸುತ್ತಿದಾಗ 10 ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಆಹಾರ, ಬಟ್ಟೆ ಸೇರಿತು. ಅವನು ತನ್ನ ಗುಂಡು ಕ್ರಾಪನ್ನು ಕತ್ತರಿಸಿಕೊಳ್ಳುವುದೇ ದೊಡ್ಡ ಸುದ್ದಿಯಾಗಿ, 1927ರಲ್ಲಿ ಅದರ ಮೇಲೊಂದು ಸಿನಿಮಾವೂ ಬಂತು. ಇಷ್ಟೆಲ್ಲ ದುಡಿಯುವ ಹುಡುಗನ ಕೈಗೆ ಬರುತ್ತಿದ್ದದ್ದು ವಾರಕ್ಕೆ ಆರೂಕಾಲು ಡಾಲರ್ ಪಾಕೆಟ್ ಮನಿ.

1935ರ ಮೇ ತಿಂಗಳಲ್ಲಿ ಕಾರು ಅಪಘಾತವಾಯಿತು. ಕಾರಿನಲ್ಲಿದ್ದವರಲ್ಲಿ ಬದುಕುಳಿದದ್ದು ಜಾಕಿ ಒಬ್ಬನೇ. ಅಪ್ಪ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ಅವನಿಗೆ ಇಪ್ಪತ್ತೊಂದು ತುಂಬಿತು. ಅಷ್ಟು ಹೊತ್ತಿಗೆ ಅವನು ದುಡಿದದ್ದು 30ರಿಂದ 40 ಲಕ್ಷ ಡಾಲರ್ ಎಂಬ ಅಂದಾಜಿದೆ. ಅಮ್ಮ, ಕುಟುಂಬದ ಹಣಕಾಸು ನೋಡಿಕೊಳ್ಳುತ್ತಿದ್ದವನನ್ನು ಮದುವೆಯಾದಳು. ಮಗ ತನ್ನ ದುಡ್ಡು ಕೇಳಿದ. ಕೊಡಲಿಲ್ಲ. 1938ರಲ್ಲಿ ಅವನು ತಾಯಿ ಮತ್ತು ಮಲತಂದೆಯ ಮೇಲೆ ಕೇಸು ಹಾಕಿದ.

ತಾಯಿಯ ಕಡೆಯ ವಾದ ಬಹಳ ಸರಳವಾಗಿತ್ತು: ಮಗು ದುಡಿದದ್ದೆಲ್ಲ ಹೆತ್ತವರದ್ದು. ಗಾಬರಿ ಹುಟ್ಟಿಸುವ ಸಂಗತಿಯೆಂದರೆ ಕ್ಯಾಲಿಫೋರ್ನಿಯಾದ ಅಂದಿನ ಕಾನೂನು ಹೇಳುತ್ತಿದ್ದದ್ದೂ ಅದನ್ನೇ. ಹೊಲದಲ್ಲಿ ಅಪ್ಪನ ಜೊತೆ ದುಡಿಯುವ ಮಗನ ಕಾಲಕ್ಕೆ ಮಾಡಿದ ಆ ನಿಯಮದ ಕೆಳಗೆ ಲಕ್ಷಾಂತರ ಡಾಲರ್ ದುಡಿಯುವ ಮಗುವೂ ಬಂದುಬಿಟ್ಟಿತ್ತು. ಕೊನೆಗೆ ಉಳಿದಿದ್ದ ಸುಮಾರು 2,52,000 ಡಾಲರಿನಲ್ಲಿ ಅರ್ಧ, ಅಂದರೆ 1,26,000 ಜಾಕಿಗೆ ಸಿಕ್ಕಿತು.

ಅವನಿಗೆ ಆದ ಅನ್ಯಾಯದಿಂದ ಉಳಿದವರಿಗೆ ಒಂದು ಉಪಕಾರವಾಯಿತು. 1939ರಲ್ಲಿ ಕ್ಯಾಲಿಫೋರ್ನಿಯಾ ಬಾಲ ಕಲಾವಿದರ ಕಾಯ್ದೆಯನ್ನು ತಂದಿತು. ಎಲ್ಲರೂ ಕರೆಯುವುದು ‘ಕೂಗನ್ ಕಾಯ್ದೆ’ ಎಂದೇ. ಮಗುವಿನ ಗಳಿಕೆಯ ಒಂದು ಪಾಲನ್ನು ಅದರ ಹೆಸರಿನಲ್ಲೇ ತೆಗೆದಿಡಬೇಕು ಎಂಬುದು ಅದರ ತಿರುಳು. ಆದರೆ ಕೋರ್ಟಿನ ಮುಂದೆ ಬಂದ ಒಪ್ಪಂದಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ತಪ್ಪಿಸಿಕೊಳ್ಳಲು ದಾರಿಗಳಿದ್ದವು. ದುಡಿಮೆ ಮಗುವಿನದೇ ಆಸ್ತಿ, ಅದರಲ್ಲಿ ಶೇ 15ನ್ನು ಕೆಲಸ ಕೊಟ್ಟವರೇ ಮಗುವಿನ ಖಾತೆಗೆ ಕಟ್ಟಬೇಕು ಎಂದು ಬಿಗಿಯಾದದ್ದು 2000ದಲ್ಲಿ. ಅಂದರೆ ತೂತು ಮುಚ್ಚಲು ಅರವತ್ತು ವರ್ಷ.

ಜಾಕಿಯ ಕತೆ ಕೋರ್ಟಿನಲ್ಲಿ ಮುಗಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅವನು ಗ್ಲೈಡರ್ ಪೈಲಟ್ ಆದ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಡುತ್ತದೆ. ಇಳಿಯಲು ಸಿಗುವುದು ಒಂದೇ ಅವಕಾಶ. 1944ರ ಮಾರ್ಚ್‌ನಲ್ಲಿ ನಮ್ಮ ಅಸ್ಸಾಂನ ಲಾಲಾಘಾಟ್‌ನಿಂದ ರಾತ್ರಿಯ ಹೊತ್ತು ಹೊರಟು, ಬರ್ಮಾದ ಕಾಡಿನಲ್ಲಿ ಜಪಾನಿ ಸೈನ್ಯದ ಬೆನ್ನ ಹಿಂದೆ ಸೈನಿಕರನ್ನು ಇಳಿಸಿದ ಕಾರ್ಯಾಚರಣೆಯಲ್ಲಿ ಅವನೂ ಇದ್ದ. ಯುದ್ಧ ಮುಗಿಸಿ ಬಂದವನಿಗೆ ಸಿಕ್ಕಿದ್ದು ಸಣ್ಣಪುಟ್ಟ ಪಾತ್ರಗಳು. ಆ ಹೊತ್ತಿಗೆ ತಲೆ ಬೋಳಾಗಿತ್ತು, ಮೈ ಬಂದಿತ್ತು. 1964ರಲ್ಲಿ ಅದೇ ಬೋಳು ತಲೆಯಿಂದ ‘ದಿ ಆ್ಯಡಮ್ಸ್ ಫ್ಯಾಮಿಲಿ’ ಎಂಬ ಟಿ.ವಿ ಧಾರಾವಾಹಿಯ ಅಂಕಲ್ ಫೆಸ್ಟರ್ ಆಗಿ ಮತ್ತೆ ಮನೆಮಾತಾದ. ಅವನ ನಗು ನೋಡಿ ಬಿದ್ದು ಬಿದ್ದು ನಕ್ಕ ಎಷ್ಟೋ ಮಕ್ಕಳಿಗೆ ಇವನೇ ‘ಕಿಡ್’ ಎಂದು ಗೊತ್ತೇ ಇರಲಿಲ್ಲ.

ಪ್ರತಿ ಹುಟ್ಟುಹಬ್ಬಕ್ಕೂ ಬೆಲೆ ಇಳಿಯುವ ಕೆಲಸ

ನಾವು ಮಾಡಹೊರಟಿರುವ ಕೆಲಸಗಳಲ್ಲಿ ಅನುಭವ ಹೆಚ್ಚಿದಂತೆ ಸಂಬಳ ಹೆಚ್ಚುತ್ತದೆ, ಕನಿಷ್ಠ ಹಾಗೆ ನಂಬಿದ್ದೇವೆ. ಬಾಲನಟರ ಕೆಲಸ ತಿರುಗಾಮುರುಗಾ. ಅನುಭವ ಹೆಚ್ಚಿದಷ್ಟೂ ವಯಸ್ಸು ಹೆಚ್ಚುತ್ತದೆ, ವಯಸ್ಸು ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಸ್ಟುಡಿಯೊಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಹಾಲುಹಲ್ಲು ಇರುವಷ್ಟರಲ್ಲಿ ಎಷ್ಟು ಸಿನಿಮಾ ಆಗುತ್ತದೋ ಅಷ್ಟನ್ನೂ ತೆಗೆಯುವ ಆತುರ.

ಬೇಬಿ ಪೆಗ್ಗಿ ಸಿನಿಮಾಕ್ಕೆ ಬಂದಾಗ ಅವಳಿಗೆ 19 ತಿಂಗಳು. ಅಪ್ಪ ಕುದುರೆ ಸವಾರಿಯ ಸ್ಟಂಟ್‌ ಮಾಡುವವನು; ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವುದನ್ನು ಮಗಳಿಗೆ ಕಲಿಸಿದ್ದ. ನಾಲ್ಕೈದು ವರ್ಷದೊಳಗೆ ಅವಳು ನೂರೈವತ್ತರಷ್ಟು ಕಿರುಚಿತ್ರಗಳಲ್ಲಿ ನಟಿಸಿದಳು. 1923ರಲ್ಲಿ ಯೂನಿವರ್ಸಲ್ ಕಂಪನಿಯ ಜೊತೆ ವರ್ಷಕ್ಕೆ 15 ಲಕ್ಷ ಡಾಲರಿನ ಒಪ್ಪಂದವಾಯಿತು. ಒಂದು ಚಿತ್ರದ ಬೆಂಕಿಯ ದೃಶ್ಯದಲ್ಲಿ ಹೊರಬರಬೇಕಿದ್ದ ಬಾಗಿಲಿಗೇ ಬೆಂಕಿ ಹತ್ತಿಕೊಂಡು, ಕಿಟಕಿಯಿಂದ ತಪ್ಪಿಸಿಕೊಂಡು ಬಂದದ್ದನ್ನು ಅವಳು ಮುಂದೆ ನೆನೆದಿದ್ದಾಳೆ. ಶಾಲೆಯ ಮುಖ ನೋಡಿರಲಿಲ್ಲ.

1925ರಲ್ಲಿ ಅವಳ ಅಪ್ಪನಿಗೂ ನಿರ್ಮಾಪಕನಿಗೂ ದುಡ್ಡಿನ ವಿಷಯದಲ್ಲಿ ಜಗಳವಾಯಿತು. ಅಲ್ಲಿಗೆ ಮುಗಿಯಿತು. ಏಳನೇ ವರ್ಷಕ್ಕೆ ಅವಳು ‘ಮಾಜಿ ತಾರೆ’. ಗಳಿಸಿದ್ದು ಖರ್ಚಾಯಿತು, ಉಳಿದದ್ದನ್ನು ನೋಡಿಕೊಳ್ಳುತ್ತಿದ್ದ ನೆಂಟ ಹೊತ್ತೊಯ್ದ. ಕುಟುಂಬದ ಹೊಟ್ಟೆ ಹೊರೆಯಲು ಅವಳು ವಾಡವಿಲ್ ರಂಗದ ಮೇಲೆ ಊರೂರು ತಿರುಗಿದಳು. ಹದಿಹರೆಯದಲ್ಲಿ ಹಾಲಿವುಡ್‌ಗೆ ವಾಪಸು ಬಂದಾಗ ಸಿಕ್ಕಿದ್ದು ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕೆಲಸ. ಒಂದು ಕಾಲಕ್ಕೆ ಅವಳ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದ ಊರಿನಲ್ಲಿ ಅವಳು ಎಷ್ಟನೆಯ ಸಾಲಿನಲ್ಲಿ ನಿಂತಿದ್ದಳೋ ಯಾರೂ ನೋಡಲಿಲ್ಲ.

ಸ್ಟುಡಿಯೊದ ಆತುರ ಎಂಥದ್ದೆಂಬುದಕ್ಕೆ ಜಾಕಿ ಕೂಪರ್ ಹೇಳಿದ ಘಟನೆಯೊಂದಿದೆ. 1931ರ ‘ಸ್ಕಿಪ್ಪಿ’ ಚಿತ್ರದಲ್ಲಿ ಅವನು ಅಳಬೇಕಿತ್ತು. ಅಳು ಬರಲಿಲ್ಲ. ನಿರ್ದೇಶಕ ಸಂಬಂಧದಲ್ಲಿ ಅವನಿಗೆ ಮಾವನೇ ಆಗಬೇಕು. ಆತ ಹುಡುಗನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುವುದಾಗಿ ಬೆದರಿಸಿದ. ಹುಡುಗ ಅತ್ತ, ದೃಶ್ಯ ಅದ್ಭುತವಾಗಿ ಬಂತು. ಆ ನಿರ್ದೇಶಕನಿಗೆ ಆಸ್ಕರ್ ಸಿಕ್ಕಿತು. ಒಂಬತ್ತು ವರ್ಷದ ಹುಡುಗ ಶ್ರೇಷ್ಠ ನಟ ಪ್ರಶಸ್ತಿಗೆ ನಾಮನಿರ್ದೇಶನಗೊಂಡ. ಐವತ್ತು ವರ್ಷದ ನಂತರ ಅವನು ಬರೆದ ಆತ್ಮಕತೆಯ ಹೆಸರೇ ನನ್ನ ನಾಯಿಯನ್ನು ಕೊಲ್ಲಬೇಡಿ ಎಂಬ ಬೇಡಿಕೆ. ನಾಯಿ ಬದುಕಿತ್ತು. ನೆನಪೂ ಬದುಕಿತ್ತು.

ಐವತ್ತಾರು ಗುಂಗುರು

ಈ ಯಂತ್ರದ ಅತ್ಯಂತ ಯಶಸ್ವಿ ಉತ್ಪನ್ನ ಶರ್ಲಿ ಟೆಂಪಲ್. 1935ರಿಂದ 1938ರವರೆಗೆ ನಾಲ್ಕು ವರ್ಷ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಈ ಪುಟ್ಟ ಹುಡುಗಿಯದು. ಮಹಾ ಆರ್ಥಿಕ ಕುಸಿತದ ಕಾಲ, ಮನೆಮನೆಯಲ್ಲಿ ಕೆಲಸ ಕಳೆದುಕೊಂಡವರು. ಅಂಥವರು ಟಿಕೆಟ್ ಕೊಂಡು ಅವಳ ನಗು ನೋಡಲು ಬರುತ್ತಿದ್ದರು. ಅಮ್ಮ ಅವಳ ಕೂದಲನ್ನು ಲೆಕ್ಕ ಹಾಕಿ ಐವತ್ತಾರು ಗುಂಗುರು ಮಾಡುತ್ತಿದ್ದಳು. ಹಾಲುಹಲ್ಲು ಬಿದ್ದಾಗ ಕ್ಯಾಮೆರಾಕ್ಕೆ ಕಾಣದಂತೆ ಕೃತಕ ಹಲ್ಲು. ಮಗು ಇನ್ನೂ ಚಿಕ್ಕದೆಂದು ತೋರಿಸಲು ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಹೇಳುತ್ತಿದ್ದರು. ಅದನ್ನು ಅವಳಿಗೂ ಹೇಳಿರಲಿಲ್ಲ. ತನಗೆ ಹನ್ನೆರಡು ತುಂಬಿತೆಂದುಕೊಂಡ ಹುಟ್ಟುಹಬ್ಬದ ಹೊತ್ತಿಗೆ, ತುಂಬಿದ್ದು ಹದಿಮೂರು ಎಂದು ಅವಳಿಗೆ ತಿಳಿಯಿತು.

ಶುರುವಿನ ಕಿರುಚಿತ್ರಗಳಲ್ಲಿ ಮಾತು ಕೇಳದ ಮಕ್ಕಳನ್ನು ಮಂಜುಗಡ್ಡೆ ಇಟ್ಟ ಕತ್ತಲ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸುತ್ತಿದ್ದರೆಂದು ಅವಳೇ ಬರೆದಿದ್ದಾಳೆ. ಹದಿಹರೆಯ ಬಂತು, ಜನ ಮೊದಲಿನಂತೆ ಬರಲಿಲ್ಲ. 22ನೇ ವಯಸ್ಸಿಗೆ ಸಿನಿಮಾ ಬಿಟ್ಟಳು. ಲೆಕ್ಕ ನೋಡಿದರೆ ದುಡಿದದ್ದು 32 ಲಕ್ಷ ಡಾಲರ್, ಉಳಿದದ್ದು 44 ಸಾವಿರ. ಕೂಗನ್ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ಅವಳ ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವನು. ಕಾಯ್ದೆ, ಲೆಕ್ಕ ತಿಳಿದ ಅಪ್ಪ, ಎರಡೂ ಇದ್ದ ಮನೆಯಲ್ಲೇ ಹೀಗಾಯಿತು. ಅವಳು ಹೆತ್ತವರನ್ನು ಕೋರ್ಟಿಗೆ ಎಳೆಯಲಿಲ್ಲ.

ಅವಳ ಎರಡನೇ ಬದುಕು ನನಗೆ ಮೊದಲನೆಯದಕ್ಕಿಂತ ಇಷ್ಟ. 1967ರಲ್ಲಿ ಸಂಸತ್ತಿನ ಚುನಾವಣೆಗೆ ನಿಂತು ಸೋತಳು. 1969ರಲ್ಲಿ ವಿಶ್ವಸಂಸ್ಥೆಗೆ ಹೋದ ಅಮೆರಿಕದ ನಿಯೋಗದಲ್ಲಿ ಸದಸ್ಯೆಯಾದಳು. 1972ರಲ್ಲಿ ಸ್ತನ ಕ್ಯಾನ್ಸರ್ ಆದಾಗ, ಯಾರೂ ಆ ಹೆಸರನ್ನು ಜೋರಾಗಿ ಹೇಳದಿದ್ದ ಕಾಲದಲ್ಲಿ, ಬಹಿರಂಗವಾಗಿ ಮಾತಾಡಿ ಬೇರೆ ಹೆಂಗಸರು ಪರೀಕ್ಷೆ ಮಾಡಿಸಿಕೊಳ್ಳಲು ಕಾರಣಳಾದಳು. 1974ರಲ್ಲಿ ಘಾನಾಕ್ಕೆ ರಾಯಭಾರಿ, 1989ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ರಾಯಭಾರಿ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದಾಗ ಅವಳು ಬೇರೆ ಕೆಲಸಕ್ಕೆಂದು ಬಂದು ಅಲ್ಲೇ ಇದ್ದಳು. ಇಪ್ಪತ್ತೊಂದು ವರ್ಷದ ನಂತರ ಅದೇ ಊರಿನಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿಯುವುದನ್ನೂ ರಾಯಭಾರಿಯಾಗಿ ನೋಡಿದಳು. ಹೋದಲ್ಲೆಲ್ಲ ಜನ ಗುಂಗುರು ಕೂದಲಿನ ಹುಡುಗಿಯನ್ನು ಹುಡುಕುತ್ತಿದ್ದರು. ಅವಳು ಆ ಗುರುತನ್ನು ಬಾಗಿಲು ತೆಗೆಸಲು ಬಳಸಿದಳು. ಒಳಗೆ ಹೋದ ಮೇಲೆ ಕೆಲಸ ಮಾಡಿದಳು.

ಒಂದೇ ಕ್ಲಾಸು, ಬೇರೆ ಬೇರೆ ದಾರಿ

ಹೋಲಿಕೆಗೆ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದು ‘ಅವರ್ ಗ್ಯಾಂಗ್’. ಹಾಲ್ ರೋಚ್ ಎಂಬ ನಿರ್ಮಾಪಕ 1922ರಲ್ಲಿ ಶುರುಮಾಡಿದ ಈ ಸರಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಿರುಚಿತ್ರಗಳು ಬಂದವು. ಬೀದಿ ಮಕ್ಕಳ ಗುಂಪು, ಅವರ ಕಿತಾಪತಿ. ಕಪ್ಪು ಮಕ್ಕಳು ಬಿಳಿ ಮಕ್ಕಳು ಒಂದೇ ಶಾಲೆಗೆ ಹೋಗುವಂತಿರದ ಊರುಗಳಿದ್ದ ಕಾಲದಲ್ಲಿ ಪರದೆಯ ಮೇಲೆ ಅವರು ಒಟ್ಟಿಗೆ ಆಡಿದರು. ಕಪ್ಪು ಮಕ್ಕಳ ಪಾತ್ರಗಳಲ್ಲಿ ಅಣಕದ ಛಾಯೆ ಇತ್ತೆಂಬುದೂ ನಿಜ. ಇದೊಂದು ಕ್ಲಾಸ್ ರೂಮು ಎಂದುಕೊಂಡರೆ, ಬ್ಯಾಚ್‌ಮೇಟ್‌ಗಳು ಏನಾದರು?

ನೆತ್ತಿಯ ಮೇಲೆ ಒಂದು ಕುಚ್ಚು ಕೂದಲು ನಿಲ್ಲಿಸಿಕೊಂಡು ಅಪಸ್ವರದಲ್ಲಿ ಹಾಡುತ್ತಿದ್ದ ಆಲ್ಫಾಲ್ಫಾ, ಅಂದರೆ ಕಾರ್ಲ್ ಸ್ವಿಟ್ಜರ್, ದೊಡ್ಡವನಾದ ಮೇಲೆ ಒಳ್ಳೆಯ ಪಾತ್ರ ಸಿಗದೆ ಬೇಟೆಗೆ ಹೋಗುವವರ ಗೈಡ್ ಆದ. 1959ರ ಜನವರಿ 21ರಂದು, 50 ಡಾಲರಿನ ಬಾಕಿಯ ಜಗಳದಲ್ಲಿ ಗುಂಡೇಟಿಗೆ ಬಲಿಯಾದ. ವಯಸ್ಸು 31. ಖ್ಯಾತ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ತೀರಿಕೊಂಡದ್ದೂ ಅದೇ ದಿನ. ಪತ್ರಿಕೆಗಳ ಜಾಗವೆಲ್ಲ ಅತ್ತ ಹೋಯಿತು.

‘ಸ್ಟೈಮಿ’ ಎಂಬ ಗುಂಡು ಟೋಪಿಯ ಹುಡುಗ ಮ್ಯಾಥ್ಯೂ ಬಿಯರ್ಡ್ ಮಾದಕ ವಸ್ತುವಿನ ಚಟಕ್ಕೆ ಬಿದ್ದು ಜೈಲು ಕಂಡ. ಆದರೆ 1960ರ ದಶಕದಲ್ಲಿ ಚಿಕಿತ್ಸೆ ಪಡೆದು, ಚಟ ಬಿಟ್ಟು, ಮತ್ತೆ ಟಿ.ವಿಯಲ್ಲಿ ನಟಿಸಿದ. ‘ಸನ್‌ಶೈನ್ ಸ್ಯಾಮಿ’ ಎಂಬ ಅರ್ನಿ ಮಾರಿಸನ್, ಹಾಲಿವುಡ್‌ನಲ್ಲಿ ದೀರ್ಘಾವಧಿ ಒಪ್ಪಂದ ಪಡೆದ ಮೊದಲ ಕಪ್ಪು ನಟ. ಅವನು ಮುಂದೆ ಸಿನಿಮಾ ಬಿಟ್ಟು ಏರೋಸ್ಪೇಸ್ ಉದ್ಯಮದಲ್ಲಿ ಕೆಲಸಕ್ಕೆ ಸೇರಿದ. ‘ಬಕ್‌ವೀಟ್’ ಎಂದೇ ಹೆಸರಾದ ವಿಲಿಯಂ ಥಾಮಸ್ ಸೈನ್ಯ ಸೇರಿ ಬಂದು, ಟೆಕ್ನಿಕಲರ್ ಕಂಪನಿಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆದ. ಬಾಲ್ಯವಿಡೀ ಕ್ಯಾಮೆರಾದ ಮುಂದೆ ಇದ್ದವನು ಉಳಿದ ಬದುಕನ್ನು ಫಿಲ್ಮ್ ಸಂಸ್ಕರಿಸುವುದರಲ್ಲಿ ಕಳೆದ. ಅದರಲ್ಲಿ ಸೋಲೇನೂ ನನಗೆ ಕಾಣುವುದಿಲ್ಲ. ನಾಯಿಯ ಘಟನೆಯ ಜಾಕಿ ಕೂಪರ್ ಕೂಡ ಇದೇ ಗ್ಯಾಂಗಿನವನು. ಅವನು ನೌಕಾಪಡೆಯಲ್ಲಿದ್ದು ಬಂದು ಟಿ.ವಿ ನಿರ್ದೇಶಕನಾದ, ಎಮ್ಮಿ ಪ್ರಶಸ್ತಿಗಳನ್ನು ಗೆದ್ದ. 1978ರ ‘ಸೂಪರ್‌ಮ್ಯಾನ್’ನಲ್ಲಿ ಪತ್ರಿಕೆಯ ಸಂಪಾದಕನಾಗಿ ಗದರುವವನು ಅವನೇ.

1950ರ ದಶಕದಲ್ಲಿ ಈ ಕಿರುಚಿತ್ರಗಳು ‘ಲಿಟ್ಲ್ ರಾಸ್ಕಲ್ಸ್’ ಎಂಬ ಹೆಸರಿನಲ್ಲಿ ಟಿ.ವಿಗೆ ಬಂದು ಮತ್ತೆ ಮತ್ತೆ ಪ್ರಸಾರವಾದವು. ನಟಿಸಿದ ಮಕ್ಕಳಿಗೆ ಅದರಿಂದ ಒಂದು ಪೈಸೆಯೂ ಬರಲಿಲ್ಲ. ಅವರ ಒಪ್ಪಂದಗಳು ಆದಾಗ ಟಿ.ವಿಯೇ ಇರಲಿಲ್ಲವಲ್ಲ!

ಇನ್ನೂ ಒಂದು ಜೋಡಿ. 1936ರಲ್ಲಿ ಎಂಜಿಎಂ ಸ್ಟುಡಿಯೊ ಇಬ್ಬರು ಹುಡುಗಿಯರನ್ನು ಒಂದೇ ಕಿರುಚಿತ್ರದಲ್ಲಿ ಹಾಡಿಸಿತು. ಒಬ್ಬಳು ಜೂಡಿ ಗಾರ್ಲಂಡ್, ಇನ್ನೊಬ್ಬಳು ಡಿಯಾನಾ ಡರ್ಬಿನ್. ಜೂಡಿ ‘ದಿ ವಿಝರ್ಡ್ ಆಫ್ ಓಝ್’ನಿಂದ ಅಮರಳಾದಳು. ದಣಿಯದಂತೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು ಮಾತ್ರೆ ಸ್ಟುಡಿಯೊದಲ್ಲೇ ಸಿಗುತ್ತಿತ್ತು ಎಂದು ಮುಂದೆ ಹೇಳಿಕೊಂಡಳು. 1969ರಲ್ಲಿ 47ನೇ ವಯಸ್ಸಿಗೆ ಲಂಡನ್ನಿನಲ್ಲಿ ನಿದ್ದೆ ಮಾತ್ರೆ ಹೆಚ್ಚಾಗಿ ತೀರಿಕೊಂಡಳು. ಡಿಯಾನಾ ಯೂನಿವರ್ಸಲ್‌ಗೆ ಹೋಗಿ ದೊಡ್ಡ ತಾರೆಯಾಗಿ, 1940ರ ದಶಕ ಮುಗಿಯುವಷ್ಟರಲ್ಲಿ ಎಲ್ಲ ಬಿಟ್ಟು ಫ್ರಾನ್ಸಿನ ಹಳ್ಳಿಯೊಂದಕ್ಕೆ ಹೋದಳು. ಸಂದರ್ಶನ ಕೇಳಿ ಬಂದ ಬಹುತೇಕರಿಗೆ ಬಾಗಿಲು ಮುಚ್ಚಿತ್ತು. 2013ರಲ್ಲಿ 91 ವರ್ಷದವಳಾಗಿ ತೀರಿಕೊಂಡಳು.

ಜೂಡಿಯ ಜೊತೆ ಕುಣಿದ ಮಿಕಿ ರೂನಿಯದು ಮೂರನೇ ದಾರಿ: ಬಿಡುವುದೇ ಇಲ್ಲ ಎಂಬುದು. ಒಂದೂವರೆ ವರ್ಷದ ಮಗುವಾಗಿದ್ದಾಗ ರಂಗ ಹತ್ತಿದವನು ತೊಂಬತ್ತು ದಾಟಿದರೂ ನಟಿಸುತ್ತಿದ್ದ. 1939ರಿಂದ 1941ರವರೆಗೆ ಗಲ್ಲಾಪೆಟ್ಟಿಗೆಯ ರಾಜ. ಎಂಟು ಮದುವೆ, 1962ರಲ್ಲಿ ದಿವಾಳಿ. 2011ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ನಿಂತು, ಮುಪ್ಪಿನಲ್ಲಿ ಮನೆಯವರಿಂದಲೇ ತನಗಾದ ಹಿಂಸೆಯ ಬಗ್ಗೆ ಹೇಳಿದ. 2014ರಲ್ಲಿ ಸತ್ತಾಗ ಬಿಟ್ಟುಹೋದದ್ದು 18 ಸಾವಿರ ಡಾಲರ್.

ಕಾರಾಪುರದಿಂದ ಹಾಲಿವುಡ್‌ಗೆ

ಈ ಬ್ಯಾಚಿನಲ್ಲಿ ನಮ್ಮವನೊಬ್ಬ ಇದ್ದ. ಸಾಬು. 1924ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದವನು. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ತಂದೆ ತೀರಿಕೊಂಡ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ. ಸಾಕ್ಷ್ಯಚಿತ್ರಗಳಿಗೆ ಹೆಸರಾದ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗ್‌ನ ಕತೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಅವನ ತಂಡದ ಕಣ್ಣಿಗೆ ಬಿದ್ದವನು ಇವನು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ಹುಡುಗ ಲಂಡನ್ನಿಗೆ ಹೋದ. ‘ದಿ ಥೀಫ್ ಆಫ್ ಬಾಗ್ದಾದ್’ ನಡೆಯುತ್ತಿದ್ದಾಗ ಯುದ್ಧ ಶುರುವಾಗಿ ಚಿತ್ರೀಕರಣ ಅಮೆರಿಕಕ್ಕೆ ಸ್ಥಳಾಂತರವಾಯಿತು, ಇವನೂ ಹೋದ. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ.

1944ರಲ್ಲಿ ಅಮೆರಿಕದ ಪೌರನಾಗಿ ಅಲ್ಲಿನ ವಾಯುಪಡೆ ಸೇರಿದ. ಬಿ–24 ಬಾಂಬರ್ ವಿಮಾನದಲ್ಲಿ ಗನ್ನರ್. ಪೆಸಿಫಿಕ್ ರಣರಂಗದಲ್ಲಿ ತೋರಿದ ಧೈರ್ಯಕ್ಕೆ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಬಂತು. ಯುದ್ಧ ಮುಗಿಸಿ ಬಂದಾಗ ಅವನು ಇಪ್ಪತ್ತೊಂದು ದಾಟಿದ ಯುವಕ. ಆದರೆ ಹಾಲಿವುಡ್‌ಗೆ ಬೇಕಿದ್ದದ್ದು ಅದೇ ರುಮಾಲಿನ, ಬರಿಮೈಯ ಕಾಡಿನ ಹುಡುಗ. ಉಳಿದ ಬಾಲನಟರಿಗೆ ಬೆಳೆದದ್ದೊಂದೇ ತೊಡಕಾದರೆ ಇವನಿಗೆ ಬಣ್ಣವೂ ತೊಡಕು; ಒಂದು ವಯಸ್ಕ ಭಾರತೀಯನ ಪಾತ್ರವನ್ನು ನಾಯಕನಾಗಿ ಬರೆಯುವವರೇ ಅಲ್ಲಿರಲಿಲ್ಲ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39. ಹಾಲಿವುಡ್‌ನ ಪಾದಚಾರಿ ದಾರಿಯ ಮೇಲಿನ ನಕ್ಷತ್ರಗಳಲ್ಲಿ ಒಂದು ಅವನದು. ಕಬಿನಿಗೆ ಸಫಾರಿಗೆ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಕಾರಾಪುರದ ಈ ಹುಡುಗ ಗೊತ್ತು?

ಹಾಗಾದರೆ ವ್ಯತ್ಯಾಸ ಎಲ್ಲಿ?

‘ಶ್ರಮಪಟ್ಟವರು ಗೆದ್ದರು’ ಎಂದು ಬರೆದು ಮುಗಿಸಿದರೆ ಸುಲಭ. ಆದರೆ ಅದು ನಿಜವಲ್ಲ. ಎಲ್ಲರೂ ಶ್ರಮಪಟ್ಟವರೇ, ಎರಡು ವರ್ಷದ ವಯಸ್ಸಿನಿಂದಲೇ. ಪ್ರತಿಭೆ ಎಂದರೆ ಜೂಡಿಗಿಂತ ಪ್ರತಿಭೆ ಬೇಕೆ?

ನನಗೆ ಕಂಡದ್ದು ಮೂರು ಸಂಗತಿ. ಮೊದಲನೆಯದು ಸುತ್ತಲಿನ ದೊಡ್ಡವರು. ಮಗು ಸಹಿ ಹಾಕುವುದಿಲ್ಲ, ಲೆಕ್ಕ ನೋಡುವುದಿಲ್ಲ. ಅದರ ಪರವಾಗಿ ನಿಂತವರು ಯಾರು ಎಂಬುದು ಅದರ ಕೈಯಲ್ಲಿಲ್ಲ. ಎರಡನೆಯದು ಕಾನೂನು. ಪ್ರೀತಿಯ ಅಪ್ಪ ಅಮ್ಮನೂ ಮಗುವಿನ ದುಡ್ಡಿನ ವಿಷಯದಲ್ಲಿ ಎಡವಬಹುದು ಎಂದು ಒಪ್ಪಿಕೊಂಡೇ ನಿಯಮ ಮಾಡಬೇಕು. ಮೂರನೆಯದು ಮಾತ್ರ ಅವರ ಕೈಲಿತ್ತು: ಹಳೆಯ ಹೆಸರನ್ನು ಬದಿಗಿಟ್ಟು ಬೇರೊಂದು ಕೆಲಸವನ್ನು ಮೊದಲಿನಿಂದ ಕಲಿಯುವುದು. ರಾಯಭಾರಿ, ನಿರ್ದೇಶಕ, ಲ್ಯಾಬ್ ಟೆಕ್ನಿಷಿಯನ್, ಗ್ಲೈಡರ್ ಪೈಲಟ್ ಎಲ್ಲರೂ ಒಮ್ಮೆ ಹೊಸಬರಾಗಲು ಒಪ್ಪಿಕೊಂಡವರು.

ಮೊದಲ ಎರಡು ಸರಿಯಿಲ್ಲದಿದ್ದಾಗ ಮೂರನೆಯದು ಎಷ್ಟು ಕಷ್ಟ ಎಂಬುದನ್ನೂ ಮರೆಯಬಾರದು. ಆಲ್ಫಾಲ್ಫಾನಿಗೆ ಛಲ ಇರಲಿಲ್ಲ ಎಂದು ಹೇಳಲು ನಾನು ಯಾರು?

ನಮ್ಮ ದೇಶದಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದಿವೆ. ಬಾಲ ಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯಲ್ಲಿ ಕನಿಷ್ಠ ಶೇ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ಎಫ್‌ಡಿ ಇಡಬೇಕು. ಜಾಕಿ ಕೂಗನ್‌ಗೆ ಆದ ಅನ್ಯಾಯದ ನೆರಳು ಇಲ್ಲಿಯವರೆಗೂ ಚಾಚಿದೆ ಎನ್ನಬಹುದು. ಆದರೆ ಈಗ ಸ್ಟುಡಿಯೊ ಮನೆಯೊಳಗೇ ಬಂದಿದೆ. ಅಮ್ಮನೇ ಕ್ಯಾಮೆರಾ ಹಿಡಿದು, ಅಪ್ಪನೇ ಅಪ್‌ಲೋಡ್ ಮಾಡಿ, ಮೂರು ವರ್ಷದ ಮಗುವಿನ ತೊದಲು ಮಾತಿಗೆ ಲಕ್ಷ ವ್ಯೂಸ್ ಬಂದರೆ ಆ ದುಡ್ಡು ಯಾರದ್ದು? ಅಮೆರಿಕದ ಇಲಿನಾಯ್ ರಾಜ್ಯ 2024ರಿಂದ ಇಂಥ ಮಕ್ಕಳ ಪಾಲನ್ನೂ ತೆಗೆದಿಡಬೇಕೆಂಬ ಕಾನೂನು ಜಾರಿಗೆ ತಂದಿದೆ, ಕ್ಯಾಲಿಫೋರ್ನಿಯಾವೂ ಹಿಂಬಾಲಿಸಿದೆ. ನಾವು ಆ ರೀಲ್ಸ್‌ಗೆ ಲೈಕ್ ಒತ್ತಿ ಮುಂದಕ್ಕೆ ಸರಿಯುತ್ತಿದ್ದೇವೆ.

ಇದು ಬರೀ ಸಿನಿಮಾದವರ ಕತೆಯೂ ಅಲ್ಲ. ನಮ್ಮ ಹಾಸ್ಟೆಲಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೇ ಮೊದಲು ಬಂದು ಪೇಪರಿನಲ್ಲಿ ಫೋಟೊ ಬಂದಿದ್ದ ಹುಡುಗನಿದ್ದಾನೆ. ಈಗ ಎರಡು ಸಬ್ಜೆಕ್ಟ್ ಬಾಕಿ. ಊರಿಗೆ ಹೋದರೆ ಈಗಲೂ ‘ನಮ್ಮ ಫಸ್ಟ್ ರ‍್ಯಾಂಕ್ ಬಂದ’ ಎಂದೇ ಮಾತಾಡಿಸುತ್ತಾರಂತೆ. ಅದಕ್ಕೇ ಅವನು ಹಬ್ಬಕ್ಕೂ ಊರಿಗೆ ಹೋಗುವುದಿಲ್ಲ. ಹದಿನಾರನೇ ವಯಸ್ಸಿನ ಫೋಟೊ ಇಪ್ಪತ್ತರ ಹುಡುಗನನ್ನು ಹೀಗೆ ಹೆದರಿಸುತ್ತದೆಂದರೆ, ಆರನೇ ವಯಸ್ಸಿನ ಸಿನಿಮಾ ಏನು ಮಾಡಿರಬೇಡ? ಇತ್ತೀಚೆಗೆ ಅವನಿಗೆ ನಾನು ಹೇಳಿದ್ದು ಬೇಬಿ ಪೆಗ್ಗಿಯ ಉಳಿದ ಕತೆಯನ್ನು.

ಪೆಗ್ಗಿ ಆ ಹೆಸರನ್ನು ಬಿಟ್ಟು ಡಯಾನಾ ಸೆರ‍್ರಾ ಕ್ಯಾರಿ ಆದಳು. ಟೆಲಿಫೋನ್ ಸ್ವಿಚ್‌ಬೋರ್ಡ್‌ನಲ್ಲಿ, ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದಳು. ನಿಧಾನಕ್ಕೆ ಓದುತ್ತಾ ಬರೆಯುತ್ತಾ ಇತಿಹಾಸಕಾರ್ತಿಯಾದಳು. 1978ರಲ್ಲಿ ಹಾಲಿವುಡ್‌ನ ಬಾಲನಟರ ಬಗ್ಗೆ ಪುಸ್ತಕ ಬರೆದಳು, ಆಮೇಲೆ ತನ್ನ ಆತ್ಮಕತೆ, ನಂತರ ಜಾಕಿ ಕೂಗನ್‌ನ ಜೀವನಚರಿತ್ರೆ. ಬಾಲ ಕಲಾವಿದರ ಹಕ್ಕುಗಳಿಗಾಗಿ ದನಿಯೆತ್ತಿದಳು. ಅವಳ ಹೆಚ್ಚಿನ ಸಿನಿಮಾಗಳು ನಾಶವಾಗಿದ್ದವು. ಉಳಿದವನ್ನು ತೋರಿಸಿದಾಗ ಮುಪ್ಪಿನಲ್ಲಿ ಹೊಸ ಅಭಿಮಾನಿಗಳು ಸಿಕ್ಕರು. 2020ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವಳಿಗೆ 101 ವರ್ಷ. ತಾರೆಯಾಗಿ ಉಳಿದದ್ದು ಏಳನೇ ವರ್ಷದವರೆಗೆ. ಅದಾದ ಮೇಲೂ ತೊಂಬತ್ತನಾಲ್ಕು ವರ್ಷ ಬಾಕಿ ಇತ್ತು.